ನೆಲದ ಮೇಲಿನ ಅಡುಗೆಮನೆ

ಅತ್ತಿ ನಡೆಯಲಾರಳು ಎಂಬುದು ಎಷ್ಟೋ ವರ್ಷ ನನಗೆ ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿದ್ದು, ಎರಡು ಹೊತ್ತೂ ಅವಳ ಕೈಯ ರೊಟ್ಟಿ ತಿಂದು ಬೆಳೆದವಳಿಗೆ ಇಷ್ಟೂ ಗೊತ್ತಾಗದೆ ಇದ್ದೀತೇ ಎಂದು ಈಗ ನನ್ನ ಮಗಳು ಕೇಳುತ್ತಾಳೆ. ಗೊತ್ತಾಗಲಿಲ್ಲ, ಅಷ್ಟೇ. ಕಲ್ಯಾಣದ ನಮ್ಮ ಮನೆಯ ಅಡುಗೆಮನೆಯಲ್ಲಿ ನಿಲ್ಲುವವರೇ ಇರಲಿಲ್ಲ. ಒಲೆ ನೆಲದ ಮೇಲಿತ್ತು, ಬೀಸುವ ಕಲ್ಲು ನೆಲದಲ್ಲಿತ್ತು, ನೀರಿನ ಹಂಡೆ, ಹಿಟ್ಟಿನ ಡಬ್ಬಿ, ಖಾರದ ಭರಣಿ ಎಲ್ಲವೂ ಗೋಡೆಗುಂಟ ನೆಲದ ಮೇಲೆಯೇ. ಹೆಂಗಸರು ಕೂತು ಹೆಚ್ಚುತ್ತಿದ್ದರು, ಕೂತು ಕುಟ್ಟುತ್ತಿದ್ದರು, ಕೂತು ಬೈಯುತ್ತಿದ್ದರು. ಉಣ್ಣುವವರೂ ಒಲೆಯ ಎದುರಿಗೇ ಸಾಲಾಗಿ ಕೂಡುತ್ತಿದ್ದರು. ಅತ್ತಿಯೂ ಕೂತಿರುತ್ತಿದ್ದಳು. ಎಲ್ಲರೂ ಕೂತಿರುವ ಕೋಣೆಯಲ್ಲಿ ಒಬ್ಬಳು ಏಳುವುದೇ ಇಲ್ಲ ಎಂಬುದನ್ನು ಒಂದು ಮಗು ಹೇಗೆ ಗುರುತಿಸೀತು?

ಅತ್ತಿ ಎಂದರೆ ನೀಲಮ್ಮ, ನನ್ನ ಅಪ್ಪನ ತಂಗಿ. ಚಿಕ್ಕಂದಿನ ಒಂದು ಜ್ವರ ಅವಳ ಎರಡೂ ಕಾಲುಗಳ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಇದನ್ನೂ ನಾನು ಬಹಳ ಆಮೇಲೆ ಕೇಳಿದ್ದು. ಕಾಲುಗಳನ್ನು ಸೀರೆಯೊಳಗೆ ಒಂದು ಮಗ್ಗುಲಿಗೆ ಮಡಚಿಕೊಂಡು, ಎರಡೂ ಅಂಗೈಯನ್ನು ನೆಲಕ್ಕೆ ಊರಿ, ಮೈಯನ್ನು ಹಗುರಾಗಿ ಎತ್ತಿ ಮುಂದಕ್ಕೆ ಸರಿಯುತ್ತಿದ್ದಳು. ಶಹಾಬಾದ್ ಫರ್ಸಿಕಲ್ಲಿನ ನೆಲ ಅವಳು ಸರಿದು ಸರಿದು ಒಲೆಯಿಂದ ಹಂಡೆಯವರೆಗೆ ಒಂದು ದಾರಿಯ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ನಾನೂ ಆ ದಾರಿಯಲ್ಲಿ ಅವಳ ಹಿಂದೆ ಹಾಗೆಯೇ ಸರಿಯುತ್ತಿದ್ದೆ, ಆಟವೆಂದು. ಅವಳ ಅಂಗೈ ಎತ್ತಿನ ಗೊರಸಿನಷ್ಟು ಗಟ್ಟಿ. ಸುಡುವ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿಹಾಕಿ, ಅದೇ ಕೈಯಿಂದ, ಬೇಬಿ ಎಂದು ಕರೆದು, ನನ್ನ ಗಲ್ಲ ಸವರುತ್ತಿದ್ದಳು. ಬೆಚ್ಚಗಿರುತ್ತಿತ್ತು, ಒರಟಾಗಿರುತ್ತಿತ್ತು. ಈಗ ನೆನಪು ಮಾಡಿಕೊಂಡರೆ ಗಲ್ಲಕ್ಕೆ ಏನೂ ಅನ್ನಿಸುವುದಿಲ್ಲ. ನೆನಪು ಇದೆ, ಫೀಲಿಂಗ್ ಇಲ್ಲ.

ಆ ಅಡುಗೆಮನೆಗೆ ಅತ್ತಿಯೇ ಯಜಮಾನಿ. ಬೆಣ್ಣೆ ಮೊಸರಿನ ನೆಲುವನ್ನು ಅವಳು ತನ್ನ ಕೈಗೆ ಸಿಗುವಷ್ಟು ಕೆಳಗೆ ಇಳಿಬಿಡಿಸಿದ್ದಳು. ಹೊರಗಿನಿಂದ ಒಳಗೆ ಬಂದವರು ಬಗ್ಗಿ ಬರಬೇಕು, ಇಲ್ಲದಿದ್ದರೆ ಮೊಸರಿನ ಗಡಿಗೆ ಹಣೆಗೆ ಬಡಿಯುತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಬಡಿಯುತ್ತಿದ್ದುದು ನನ್ನ ಅವ್ವನಿಗೆ. ಅವ್ವ ಹುಮ್ನಾಬಾದಿನವಳು, ಎತ್ತರದ ಹೆಂಗಸು. ಮದುವೆಯಾಗಿ ಬಂದು ನಾನು ಹುಟ್ಟಿ ದೊಡ್ಡವಳಾದರೂ ಆ ಗಡಿಗೆ ಅವಳ ಹಣೆಯನ್ನು ಬಿಟ್ಟಿರಲಿಲ್ಲ.

"ಇದನ್ನ ಜರಾ ಮ್ಯಾಲ ಕಟ್ಟಿದ್ರ ಏನಾಗ್ತದ ನೀಲಮ್ಮ? ದಿನಾ ಹಣಿ ಒಡಕೋಬೇಕಾ ನಾನು?"

"ಬಗ್ಗಿ ಬರ್ರಿ ವೈನಿ. ಅನ್ನದ ಮನಿಗಿ ಬಗ್ಗಿ ಬಂದ್ರ ಏನ ಸಣ್ಣವ್ರ ಆಗ್ತೀರಿ?"

"ಸಣ್ಣಕಿ ಆಗೇ ಇದ್ದೀನಲ್ಲ ಈ ಮನ್ಯಾಗ."

ಇದು ಜಗಳವೇ. ಆದರೆ ಇಬ್ಬರೂ ಕೈಯ ಕೆಲಸ ನಿಲ್ಲಿಸದೆ ಆಡುವ ಜಗಳ. ಅವ್ವ ಪುಂಡಿಪಲ್ಲೆ ಸೋಸುತ್ತ, ಅತ್ತಿ ಹಿಟ್ಟು ಮಿದಿಯುತ್ತ. ಅವ್ವನ ಮಾತಿನಲ್ಲಿ ನಿಜವೂ ಇತ್ತು. ಗಂಡನ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿರಬೇಕು ಎಂಬುದನ್ನೂ ಅವಳು ತೀರ್ಮಾನಿಸುವ ಹಾಗಿರಲಿಲ್ಲ. ಹೊಗೆಗೆ ಅವಳಿಗೆ ಕೆಮ್ಮು ಹತ್ತುತ್ತಿತ್ತು. ಕೂತು ಎದ್ದು ಮಾಡಿ ಸೊಂಟ ಹಿಡಿದುಕೊಂಡಿತ್ತು. ನಾನು ಅವಳ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಟು ಬಿ ಫೇರ್, ಅವಳ ಸೊಂಟ ನೋಯುತ್ತಿತ್ತು.

ನನ್ನನ್ನು ಕಲಬುರ್ಗಿಯ ಕಾನ್ವೆಂಟಿಗೆ ಹಾಕಿದ ಮೇಲೆ ಹಾಲಿಡೇಸ್‌ಗೆ ಬರುವಾಗ ಮೊದಲು ಹುಮ್ನಾಬಾದಿನಲ್ಲಿ ಇಳಿದು, ಮಾಮಾನ ಮನೆಯಲ್ಲಿ ಒಂದೆರಡು ದಿನ ಇದ್ದು, ಆಮೇಲೆ ಕಲ್ಯಾಣಕ್ಕೆ ಹೋಗುವುದು ರೂಢಿ. ಮಾಮಾ ಹೊಸ ಮನೆ ಕಟ್ಟಿಸಿದ್ದ. ಅವನ ಅಡುಗೆಮನೆಯಲ್ಲಿ ಸೊಂಟದ ಎತ್ತರಕ್ಕೆ ಕಲ್ಲಿನ ಕಟ್ಟೆ, ಅದರ ಮೇಲೆ ಗ್ಯಾಸ್ ಒಲೆ. ನಮ್ಮ ಹೋಮ್ ಸೈನ್ಸ್ ಪುಸ್ತಕದಲ್ಲಿ ಏಪ್ರನ್ ಕಟ್ಟಿಕೊಂಡ ಒಬ್ಬ ಲೇಡಿ ಇಂಥದೇ ಕಟ್ಟೆಯ ಮುಂದೆ ನಗುತ್ತ ನಿಂತಿದ್ದಳು. ಆ ಚಿತ್ರದ ಕೆಳಗೆ ಹೈಜೀನ್ ಎಂದು ಬರೆದಿತ್ತು. ನನ್ನನ್ನು ಕರೆದೊಯ್ಯಲು ಬಂದಿದ್ದ ಅವ್ವ ಮಾಮಾನ ಕಟ್ಟೆಯ ಮುಂದೆ ನಿಂತು, ಒಲೆಯ ಕಿವಿ ತಿರುವಿ, ನೀಲಿ ಉರಿಯನ್ನು ಹಚ್ಚಿದಳು, ಆರಿಸಿದಳು, ಮತ್ತೆ ಹಚ್ಚಿದಳು. ಮಾಮಾ ನಕ್ಕ.

"ಏನಕ್ಕಾ, ಕಲ್ಯಾಣದಾಗ ಇನ್ನೂ ನೆಲಕ್ಕ ಕುಂತೇ ಊದಾಕತ್ತೀರೇನು? ನಮ್ಮ ಭಾವಗ ಹೇಳು, ಜರಾ ಕಣ್ಣ ತೆರೀಲಿ ಅಂತ."

ಅವ್ವ ಹೇಳಿದಳು. ಅಪ್ಪ ಒಪ್ಪಿದರು. ಅಪ್ಪ ಒಪ್ಪಿದ್ದು ಅವ್ವನ ಸೊಂಟಕ್ಕಾಗಿ ಮಾತ್ರ ಅಲ್ಲ. ತಂಗಿ ಹುಟ್ಟಿದಾಗಿನಿಂದ ಹೊಗೆಯಲ್ಲೇ ಬೇಯುತ್ತಿದ್ದಾಳೆ, ಅವಳಿಗೂ ಒಂದು ಆರಾಮ ಸಿಗಲಿ ಎಂದು ಅವರು ಮನಸ್ಸಿನಿಂದ ಅಂದುಕೊಂಡಿದ್ದರು. ಅದನ್ನು ಅವರು ಹೇಳಿದಾಗ ನಾನು ಅಲ್ಲೇ ಇದ್ದೆ. ಉಣ್ಣಲು ಕೂತಿದ್ದರು. ಅತ್ತಿ ರೊಟ್ಟಿ ಬಡಿಯುತ್ತಿದ್ದಳು.

"ನೀಲಾ, ಇಷ್ಟ ವರ್ಷ ದುಡದಿ. ಇನ್ನ ನಿಮ್ಮ ವೈನಿ ನಿಂತ ಮಾಡ್ತಾಳ, ನೀ ಆರಾಮ ಪಡಸಾಲ್ಯಾಗ ಕೂಡು."

ಅತ್ತಿ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

"ನಿಂತ ಮಾಡಿದ್ದ ರೊಟ್ಟಿ ನಿಂತೇ ಉಣಬೇಕಾಗ್ತದ ನೋಡೋ ಅಣ್ಣಾ," ಎಂದಳು ಅತ್ತಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳ್ಳೆಯ ಜೋಕ್ ಅದು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ, ಹೇಳಿದ್ದರು ಅಷ್ಟೇ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಆರಾಮ ಕೊಡುವಾಗ ಯಾರು ಕೇಳುತ್ತಾರೆ?

ಗೌಂಡಿಗಳು ಬಂದರು. ಹಳೆಯ ಒಲೆಯನ್ನು ಒಡೆಯುವ ಮುನ್ನ ಅತ್ತಿ ಅದನ್ನು ಕೊನೆಯ ಬಾರಿ ಸಾರಿಸಿ, ವಿಭೂತಿ ಹಚ್ಚಿ, ಹೂ ಇಟ್ಟು, ಕೈ ಮುಗಿದು ಹಿಂದಕ್ಕೆ ಸರಿದಳು. ಕಟ್ಟೆ ಎದ್ದಿತು. ಗೋಡೆಗೆ ಸುಣ್ಣ ಬಿತ್ತು. ಡಬ್ಬಿಗಳೆಲ್ಲ ಗೋಡೆಯ ಕಪಾಟಿಗೆ ಏರಿದವು. ನೆಲುವು ಬಿಚ್ಚಿದರು. ಹೊಸ ಒಲೆಯ ಮೇಲೆ ಮೊದಲು ಹಾಲು ಉಕ್ಕಿಸಬೇಕು, ಅದನ್ನು ಮನೆಮಗಳೇ ಮಾಡಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಮನೆಮಗಳೆಂದರೆ ಅತ್ತಿ. ಹುಮ್ನಾಬಾದಿನಿಂದ ಮಾಮಾ, ಮಾಮಿ ಬಂದಿದ್ದರು. ಓಣಿಯ ಹೆಂಗಸರು ಬಾಗಿಲಿಗೆ ತುಂಬಿದ್ದರು. ಹೊಸ ಪಾತ್ರೆಯಲ್ಲಿ ಹಾಲು ಇಟ್ಟಾಯಿತು. ಆಮೇಲೆ ಎಲ್ಲರೂ ಕೆಳಗೆ ನೋಡಿದರು. ಅತ್ತಿ ಕಟ್ಟೆಯ ಬುಡದಲ್ಲಿ ಕೂತಿದ್ದಳು. ಕಟ್ಟೆಯ ಅಂಚು ಅವಳ ತಲೆಯಿಂದ ಒಂದು ಮೊಳ ಮೇಲಿತ್ತು.

"ಅಯ್ಯ, ಇದನ್ನ ಯಾರೂ ವಿಚಾರನ ಮಾಡಿಲ್ಲಲ್ಲ," ಎಂದಳು ಮಾಮಿ.

"ವಿಚಾರ ಏನದ ಅದರಾಗ? ಎತ್ತಿ ಮ್ಯಾಲ ಕೂಡಸ್ತೀನಿ. ನಮ್ಮ ನೀಲಾ ಹೂವಿನಂಥಾಕಿ," ಎಂದರು ಅಪ್ಪ.

ಅಪ್ಪ ಅವಳನ್ನು ಎತ್ತಿ ಒಲೆಯ ಪಕ್ಕ ಕಟ್ಟೆಯ ಮೇಲೆ ಕೂರಿಸಿದರು. ಕಟ್ಟೆ ಅಗಲ ಕಡಿಮೆ. ಕಾಲು ಮಡಚಿಕೊಳ್ಳಲು ಜಾಗವಿರಲಿಲ್ಲ. ಅವು ಕೆಳಗೆ ಇಳಿಬಿದ್ದವು. ಹೊಸ ಇಳಕಲ್ ಸೀರೆಯ ಅಂಚಿನಿಂದ ಹೊರಗೆ ಎರಡು ಸಣ್ಣ ಪಾದಗಳು, ನನ್ನ ಪಾದಗಳಿಗಿಂತಲೂ ಸಣ್ಣವು, ಒಂದು ಒಳಗೆ ತಿರುಗಿದ್ದು, ನೆಲ ಮುಟ್ಟದೆ ತೂಗುತ್ತಿದ್ದವು. ಬಾಗಿಲಲ್ಲಿದ್ದ ಹೆಂಗಸರು ಕತ್ತು ಚಾಚಿದರು. ಅತ್ತಿ ಸೀರೆಯನ್ನು ಕೆಳಗೆ ಎಳೆದಳು. ಸೀರೆ ಅಲ್ಲಿಗೆ ಮುಗಿದಿತ್ತು. ಹಾಲು ಉಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಆ ಪಾದಗಳನ್ನೇ ನೋಡುತ್ತ ನಿಂತಿದ್ದೆ. ಅತ್ತಿಗೆ ನಡೆಯಲು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆ ಹೊತ್ತಿನಲ್ಲಿ. ಒಂದು ಕಲ್ಲಿನ ಕಟ್ಟೆ ಬರುವವರೆಗೆ ಅವಳು ಅಂಗವಿಕಲಳಾಗಿರಲಿಲ್ಲ. ಕಟ್ಟೆ ಬಂತು, ಅವಳು ಆದಳು. ಅಳು ಬರಲಿಲ್ಲ. ಪಿಟಿ ಪೀರಿಯಡ್‌ನಲ್ಲಿ ಬಿಸಿಲಿಗೆ ಬಹಳ ಹೊತ್ತು ನಿಂತರೆ ಕಿವಿಯೊಳಗೆ ಒಂದು ಸದ್ದಾಗುತ್ತದಲ್ಲ, ಹಾಗೆ ಆಯಿತು.

ಅಪ್ಪ ಅವಳನ್ನು ಇಳಿಸಿ ಪಡಸಾಲೆಗೆ ಒಯ್ದರು. ಅಲ್ಲಿ ಹೊಸ ಜಮಖಾನೆ ಹಾಸಿ, ಲೋಡು ಇಟ್ಟಿದ್ದರು. ಅಂದಿನಿಂದ ಅದೇ ಅವಳ ಜಾಗ. ಬೆಳ್ಳುಳ್ಳಿ ಸುಲಿಯಲು ಕೊಟ್ಟರು, ತೊಗರಿಬೇಳೆ ಹಸನು ಮಾಡಲು ಕೊಟ್ಟರು. ಕೆಲವು ದಿನಗಳಲ್ಲೇ ಊಟದ ಟೇಬಲ್ಲೂ ಬಂತು. ಅವ್ವ ಮೇಲೆ ಬಡಿಸುತ್ತಿದ್ದಳು, ನಾವು ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದೆವು. ಅತ್ತಿಗೆ ಕುರ್ಚಿಯ ಮೇಲೆ ಹಿಡಿತ ಸಿಗುತ್ತಿರಲಿಲ್ಲ. ಅವಳ ತಾಟು ಪಡಸಾಲೆಗೇ ಹೋಗುತ್ತಿತ್ತು. ಮೊದಮೊದಲು ಅಲ್ಲಿಂದಲೇ ಕೂಗಿ ಹೇಳುತ್ತಿದ್ದಳು, ವೈನಿ ಒಗ್ಗರಣಿ ಹೊತ್ತತು ನೋಡ್ರಿ, ವೈನಿ ಬ್ಯಾಳಿಗಿ ಉಪ್ಪ ಹಾಕಿಲ್ಲ ವಾಸನಿ ಹೇಳ್ತದ. ಅವ್ವ ಉತ್ತರ ಕೊಡುತ್ತಿದ್ದಳು. ಆಮೇಲೆ ಉತ್ತರ ಸಣ್ಣದಾಯಿತು, ಕೂಗೂ ಸಣ್ಣದಾಯಿತು. ಜಗಳಕ್ಕೆ ಇಬ್ಬರೂ ಒಂದೇ ಕೋಣೆಯಲ್ಲಿ ಇರಬೇಕಾಗುತ್ತದೆ. ಮುಂದಿನ ಹಾಲಿಡೇಸ್‌ಗೆ ಬಂದಾಗ ಅತ್ತಿ ಒಂದು ಸಲ, ಒಂದೇ ಸಲ, ಬಾಯಿಬಿಟ್ಟು ಕೇಳಿದ್ದನ್ನು ಕೇಳಿಸಿಕೊಂಡೆ.

"ಅಣ್ಣಾ, ಅಡಿಗಿ ಮನಿ ಮೂಲ್ಯಾಗ ಒಂದ ಸಣ್ಣ ಒಲಿ ಹಾಕಸ್ತೀ ಏನು? ನನ್ನ ಎರಡ ರೊಟ್ಟಿ ನಾ ಬಡ್ಕೋತೀನಿ."

"ಯಾಕ, ನಿಮ್ಮ ವೈನಿ ರೊಟ್ಟಿ ಸೇರವಲ್ದೇನು?"

"ಸೇರ್ತಾವ. ಅದಕಲ್ಲ."

ಒಳಗಿನಿಂದ ಅವ್ವ ಹೇಳಿದಳು.

"ಹೊಸಾ ಸುಣ್ಣ ಆಗ್ಯಾದ್ರೀ. ಒಂದ ತಿಂಗಳದಾಗ ಕರಿ ಹಿಡೀತದ. ಮತ್ತ ಅವ್ರಿಗ್ಯಾಕ ಹೊಗಿ, ಈ ವಯಸ್ಸಿನ್ಯಾಗ?"

ಅಪ್ಪ ಎರಡೂ ಕಡೆ ನೋಡಿದರು. ನೋಡೋಣ ಎಂದರು. ಅತ್ತಿ ಬೆಳ್ಳುಳ್ಳಿಯ ಮೊರ ಹತ್ತಿರ ಎಳೆದುಕೊಂಡಳು.

ಇಲ್ಲಿ ಸ್ವಲ್ಪ ಈಗಿನ ಮಾತು ಹೇಳಬೇಕು. ನಾನು ಮದುವೆಯಾಗಿ ಹುಮ್ನಾಬಾದಿಗೇ ಬಂದೆ, ಟೀಚರ್ ಆಗಿ ರಿಟೈರ್ ಆದೆ. ಬಾತ್‌ರೂಮಿನಲ್ಲಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ವೀಲ್‌ಚೇರ್. ನಮ್ಮಂಥ ಕೆಲವರು, ರಾಜೇಶ್ವರದ ಕಡೆಯಿಂದ ಕೈಯಿಂದ ತಿರುವುವ ಮೂರುಗಾಲಿ ಗಾಡಿಯಲ್ಲಿ ಬರುವ ಒಬ್ಬ ಟೇಲರ್, ಕಣ್ಣು ಕಾಣದ ಒಬ್ಬ ಹುಡುಗಿ, ಎಲ್ಲ ಸೇರಿ ಕಚೇರಿ ಕಚೇರಿಗೆ ಹೋಗಿ ಅರ್ಜಿ ಕೊಡುತ್ತೇವೆ. ಆ್ಯಕ್ಸೆಸಿಬಿಲಿಟಿ ಎಂಬ ಶಬ್ದವನ್ನು ನಾನು ಚೆನ್ನಾಗಿ ಉಚ್ಚರಿಸುತ್ತೇನೆಂದು ನನ್ನನ್ನೇ ಮುಂದೆ ಬಿಡುತ್ತಾರೆ. ಮೊನ್ನೆ ಒಂದು ಕಚೇರಿಯಲ್ಲಿ ರ‍್ಯಾಂಪ್ ಆಗಿದೆ ಎಂದು ಕರೆದರು. ಆಗಿತ್ತು, ಚೆನ್ನಾಗಿಯೇ ಇತ್ತು. ಒಳಗೆ ಹೋದರೆ ಅರ್ಜಿ ಕೊಡುವ ಖಿಡಕಿ ನನ್ನ ತಲೆಯ ಮೇಲೆ. ಅಲ್ಲಿನ ಜವಾನ ಒಳ್ಳೆಯ ಮನುಷ್ಯ, ಓಡಿ ಬಂದ.

"ನೀವು ಇಲ್ಲೇ ಫ್ಯಾನಿನ ಕೆಳಗ ಆರಾಮ ಕೂಡ್ರಿ ಅಮ್ಮಾ. ಕಾಗದಾ ನನ್ನ ಕೈಯಾಗ ಕೊಡ್ರಿ, ನಾ ಮಾಡಿಸ್ಕೊಂಡ ಬರ್ತೀನಿ. ನಿಮಗ್ಯಾಕ ತ್ರಾಸು?"

"ಖಿಡಕಿ ಕೆಳಗ ಮಾಡಸ್ರಿ. ನನ್ನ ಕೆಲಸ ನಾ ಮಾಡ್ಕೋತೀನಿ."

"ಕೆಳಗ ಮಾಡಿದ್ರ ಉಳದ ಮಂದಿ ಬಗ್ಗಬೇಕಾಗ್ತದಲ್ರೀ."

"ಬಗ್ಗಲಿ. ನಮ್ಮನ್ಯಾಗ ಎಲ್ಲಾರೂ ಬಗ್ಗೇ ಬರ್ತಿದ್ರು."

ಅವನಿಗೆ ಅರ್ಥವಾಗಲಿಲ್ಲ. ಟೇಲರ್ ನಕ್ಕ. ಖಿಡಕಿ ಇನ್ನೂ ಅಲ್ಲೇ ಇದೆ. ನಾವೂ ಹೋಗುತ್ತಲೇ ಇದ್ದೇವೆ. ಕೋಪ ಬರುತ್ತದೆಯೇ ಎಂದು ಕೇಳುತ್ತಾರೆ. ಇಲ್ಲ. ಆರಾಮ ಎಂಬ ಶಬ್ದ ಕಿವಿಗೆ ಬಿದ್ದಾಗ ಮಾತ್ರ ಕಿವಿಯೊಳಗೆ ಆ ಹಳೆಯ ಸದ್ದು ಆಗುತ್ತದೆ.

ಮತ್ತೆ ಹಿಂದಕ್ಕೆ, ಕಟ್ಟೆ ಬಂದ ವರ್ಷದ ಎಳ್ಳ ಅಮಾಸಿಗೆ ಬರುತ್ತೇನೆ. ನಮ್ಮ ಕಡೆ ಅದು ಹೊಲದ ಹಬ್ಬ. ಹಸಿ ಕಡಲೆ, ತೊಗರಿ, ಅವರೆ, ಸಿಕ್ಕ ಸೊಪ್ಪು, ಗಜ್ಜರಿ, ಬದನೆ ಎಲ್ಲ ಸೇರಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಅಂಬಲಿ ಕಟ್ಟಿಕೊಂಡು ಊರಿಗೆ ಊರೇ ಬಂಡಿಯಲ್ಲಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಮರದ ಕೆಳಗೆ ಉಣ್ಣುತ್ತದೆ. ಭಜ್ಜಿ ಅತ್ತಿಯ ಕೈಯದೇ ಆಗಬೇಕೆಂದು ಓಣಿಯವರೂ ಬಟ್ಟಲು ಕಳಿಸುತ್ತಿದ್ದರು. ಆ ವರ್ಷ ಅವ್ವ ಮಾಡಿದಳು. ಬೆಳಗ್ಗೆ ಭಜ್ಜಿ ಅರ್ಧ ಬೆಂದಿತ್ತು, ಕಡಬು ಆಗಿತ್ತು, ಒಂದು ರೊಟ್ಟಿಯೂ ಆಗಿರಲಿಲ್ಲ, ನೀಲಿ ಉರಿ ಸಣ್ಣದಾಗಿ, ಹಳದಿಯಾಗಿ, ಆರಿಹೋಯಿತು. ಗ್ಯಾಸ್ ಮುಗಿದಿತ್ತು. ಆಗ ಸಿಲಿಂಡರ್ ಬರಬೇಕೆಂದರೆ ಹುಮ್ನಾಬಾದಿನಿಂದ ಬರಬೇಕು. ಅವ್ವ ಕಟ್ಟೆಯ ಮುಂದೆ ಕೈ ಕಟ್ಟಿ ನಿಂತುಬಿಟ್ಟಳು. ಪಡಸಾಲೆಯಿಂದ ಅತ್ತಿಯ ದನಿ ಬಂತು. ಬಹಳ ದಿನಗಳ ಮೇಲೆ ಜೋರಾಗಿ ಬಂದ ದನಿ.

"ವೈನಿ, ಹಿಟ್ಟು, ಹಂಚು, ಭಜ್ಜಿ ಪಾತೇಲಿ ಎಲ್ಲಾ ಬಂಡ್ಯಾಗ ಇಡಸ್ರಿ. ಹೊಲದಾಗ ಕಲ್ಲಿಲ್ಲೇನು, ಕಟಗಿ ಇಲ್ಲೇನು?"

ಮುಡಬಿ ಹಾದಿಗೆ ನಮ್ಮ ಹೊಲ. ಬೇವಿನ ಮರದ ಕೆಳಗೆ ಅಪ್ಪ ಮೂರು ಕಲ್ಲು ಇಟ್ಟರು, ತೊಗರಿ ಕಟ್ಟಿಗೆ ತಂದು ಹಾಕಿದರು. ಅತ್ತಿಯನ್ನು ಕಲ್ಲುಗಳ ಮುಂದೆ ಇಳಿಸಿದರು. ಅವಳು ಕಲ್ಲೊಂದನ್ನು ಒಂದಿಷ್ಟು ಒಳಗೆ ದಬ್ಬಿ, ಗಾಳಿ ಎತ್ತಲಿಂದ ಬರುತ್ತಿದೆ ಎಂದು ನೋಡಿ, ಉರಿ ಹಚ್ಚಿದಳು. ಅವ್ವ ಸೊಂಟ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಹೊಲದಲ್ಲಿ ನಿಲ್ಲುವುದಕ್ಕೆ ಅರ್ಥವಿರಲಿಲ್ಲ, ಕಟ್ಟೆ ಇಲ್ಲವಲ್ಲ. ಕೂತಳು.

"ಉರಿ ಜರಾ ಹಿಂದ ಎಳೀರಿ ವೈನಿ, ರೊಟ್ಟಿ ಸೀಯಾಕತ್ತದ."

"ಎಳದೀನಿ ತಗೋರಿ. ಹೊಲಕ್ಕ ಬಂದ್ರೂ ನಿಮ್ಮ ಹುಕುಂ ತಪ್ಪಲಿಲ್ಲ ನನಗ."

"ಭಜ್ಜಿಗಿ ಏನ ಹಾಕೀರಿ? ಬರೇ ಹಿಟ್ಟಿನ ವಾಸನಿ ಬರಾಕತ್ತದ. ಬೆಳ್ಳುಳ್ಳಿ ಎಲ್ಲದ?"

"ಸುಲದಾಕಿ ನೀವ. ನೀವ ಹೇಳ್ರಿ ಎಲ್ಲದ ಅಂತ."

ಇಬ್ಬರೂ ನಕ್ಕರು. ಅಪ್ಪ, ನಾನು, ಆಳುಗಳು, ಪಕ್ಕದ ಹೊಲದವರು, ಎಲ್ಲರೂ ನೆಲದ ಮೇಲೆ ಅವಳ ಎದುರಿಗೆ ಸಾಲಾಗಿ ಕೂತೆವು. ರೊಟ್ಟಿ ಒಂದೊಂದಾಗಿ ಹಾರಿ ಬಂದು ತಾಟಿಗೆ ಬೀಳುತ್ತಿತ್ತು. ಅತ್ತಿಯ ಕಾಲುಗಳು ಸೀರೆಯೊಳಗೆ ಹೋಗಿದ್ದವು, ಎಲ್ಲರ ಕಾಲುಗಳೂ ಮಡಚಿಯೇ ಇದ್ದವು. ನಾನು ಅವಳನ್ನು ನೋಡಿದೆ. ಅವಳಿಗೆ ನಡೆಯಲು ಬರುವುದಿಲ್ಲ ಎಂಬುದು ಮತ್ತೆ ಗೊತ್ತಾಗದ ಹಾಗೆ ಆಗಿತ್ತು. ಒಂದು ಊಟದ ಹೊತ್ತು.

ಸಂಜೆಗೆ ಬಂಡಿ ಮನೆಯ ಮುಂದೆ ನಿಂತಿತು. ಪಾತೇಲಿ, ಹಂಚು, ಬುಟ್ಟಿ ಇಳಿಸಿದರು. ಹುಮ್ನಾಬಾದಿನ ಗ್ಯಾಸಿನ ಮನುಷ್ಯ ಬಂದು ಹೋಗಿದ್ದ, ನಾಳೆ ಸಿಲಿಂಡರ್ ಬರುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಅವ್ವ ಪಾರಾದೆ ಎಂಬಂತೆ ಉಸಿರು ಬಿಟ್ಟು ಒಳಗೆ ಹೋದಳು. ಅಡುಗೆಮನೆಯ ಟ್ಯೂಬ್‌ಲೈಟ್ ಹತ್ತಿ ಬೆಳ್ಳಗಿನ ಗೋಡೆ ಬಾಗಿಲವರೆಗೂ ಕಂಡಿತು. ಬಂಡಿಯಲ್ಲಿ ಉಳಿದವಳು ಅತ್ತಿ ಒಬ್ಬಳೇ. ಅಪ್ಪ ಗಾಲಿಯ ಹತ್ತಿರ ನಿಂತರು. ಹೊಲದ ಊಟ ಅವರಿಗೂ ಏನೋ ಮಾಡಿರಬೇಕು.

"ನೀಲಾ, ನಿನಗ ಏನರೆ ಬೇಕೇನು?"

ಅತ್ತಿ ಆ ಬೆಳ್ಳಗಿನ ಗೋಡೆಯ ಕಡೆ ನೋಡಿದಳು.

"ಕೇಳಿದ್ನಲ್ಲೋ ಅಣ್ಣಾ ಒಮ್ಮೆ," ಎಂದಳು. ಆಮೇಲೆ, "ಎತ್ತು. ಥಂಡಿ ಬಿಟ್ಟದ."

ಮೂಲೆಯ ಒಲೆ ಕೊನೆಯವರೆಗೂ ಆಗಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಆಗಲಿಲ್ಲ ಅಷ್ಟೇ.

ಅಪ್ಪ ಅವಳನ್ನು ಜಮಖಾನೆಯ ಮೇಲೆ ಕೂರಿಸಿ ಎತ್ತು ಕಟ್ಟಲು ಹೋದರು. ನಾನು ಹತ್ತಿರ ಕೂತೆ. ಅವಳು ಎರಡೂ ಅಂಗೈಯನ್ನು ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬೆರಳ ತುದಿಗಳಲ್ಲಿ, ಅಂಗೈಯ ಬುಡದಲ್ಲಿ ಬೊಬ್ಬೆ ಎದ್ದು ನೀರು ತುಂಬಿತ್ತು. ಅಷ್ಟು ತಿಂಗಳ ಆರಾಮದಲ್ಲಿ ಆ ಗಟ್ಟಿ ಕೈ ನನ್ನ ಕೈಯಷ್ಟೇ ಮೆತ್ತಗಾಗಿತ್ತು, ಹಂಚು ಸುಟ್ಟಿತ್ತು. ಹೊಲದಲ್ಲಿ ಅವಳು ಒಮ್ಮೆಯೂ ಹಾ ಎಂದಿರಲಿಲ್ಲ. ನಾನು ತುಪ್ಪದ ಬಟ್ಟಲು ತಂದೆ.

"ಅತ್ತಿ, ಕೈ ಕೊಡು. ಹಚ್ತೀನಿ. ಲಗೂ ಮಾಯ್ತಾವ."

ಅವಳು ಕೈ ಕೊಡಲಿಲ್ಲ. ಬೊಬ್ಬೆಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

"ಬ್ಯಾಡ ಬೇಬಿ," ಎಂದಳು. "ಇರ್ಲಿ ಎರಡ ದಿನಾ."